ತಂದೆ ತಾಯಿ ಇಬ್ಬರೂ ವಾಹಕರಾಗಿದ್ದು, ಎಣಿಸದೆ ಗರ್ಭ ನಿಂತಾಗ

ಮೊದಲ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆಯೆಂದು ತಿಳಿದ ಮೇಲೆ ಕೆಲವು ದಂಪತಿಗಳು ಇನ್ನೊಂದು ಮಗು ಬೇಡವೆಂದು ತೀರ್ಮಾನಿಸುತ್ತಾರೆ. ಹಾಗಿದ್ದೂ ಗರ್ಭ ನಿಲ್ಲುವುದುಂಟು. ಆಗ ಮನೆಯಲ್ಲಿ ಸಂತೋಷಕ್ಕಿಂತ ಮೊದಲು ಭಯ ಕಾಣಿಸಿಕೊಳ್ಳುತ್ತದೆ. ಇಂಥ ಕುಟುಂಬ ನಮ್ಮ ವಾರ್ಡಿನಲ್ಲಿದ್ದರೆ ನಾವು ತಿಳಿದಿರಬೇಕಾದ ಕೆಲವು ವಿಷಯಗಳಿವೆ.

ಈ ಕಾಯಿಲೆಯಲ್ಲಿ ಶ್ವಾಸಕೋಶ ಹಾಗೂ ಮೇದೋಜೀರಕ ಗ್ರಂಥಿಯಲ್ಲಿ ಅಂಟಾದ ಲೋಳೆ ಕಟ್ಟಿಕೊಳ್ಳುತ್ತದೆ. ಪದೇ ಪದೇ ಎದೆಯ ಸೋಂಕು ಬರುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಬೆವರಿನಲ್ಲಿ ಉಪ್ಪು ಹೆಚ್ಚಾಗಿ ಹೋಗುತ್ತದೆ. ಇದಕ್ಕೆ ಕಾರಣವಾದ ಸಿಎಫ್‌ಟಿಆರ್ ಎಂಬ ಜೀನ್ 1989ರಲ್ಲಿ ಪತ್ತೆಯಾಯಿತು.

ಯಾರ ಕಡೆಯಿಂದ ಬಂತು?

ಈ ಪ್ರಶ್ನೆ ಅನೇಕ ಮನೆಗಳನ್ನು ಒಡೆಯುತ್ತದೆ. ಉತ್ತರ ಸರಳವಾಗಿದೆ: ಇಬ್ಬರ ಕಡೆಯಿಂದಲೂ. ದೋಷವಿರುವ ಒಂದು ಜೀನ್ ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಸೊಸೆಯನ್ನು ದೂರುವುದಕ್ಕೆ ಇಲ್ಲಿ ಯಾವ ಆಧಾರವೂ ಇಲ್ಲ.

ಪ್ರತಿ ಗರ್ಭದಲ್ಲೂ ಕಾಯಿಲೆ ಬರುವ ಸಾಧ್ಯತೆ 25 ಶೇಕಡಾ. ಮಗು ವಾಹಕ ಮಾತ್ರ ಆಗುವ ಸಾಧ್ಯತೆ 50 ಶೇಕಡಾ, ದೋಷದ ಜೀನ್ ಇಲ್ಲದಿರುವ ಸಾಧ್ಯತೆ 25 ಶೇಕಡಾ. ಮೊದಲ ಮಗುವಿಗೆ ಕಾಯಿಲೆ ಬಂದಿದ್ದರೂ ಎರಡನೆಯದಕ್ಕೆ ಲೆಕ್ಕ ಇದೇ.

ಪರೀಕ್ಷೆಯ ವಿಚಾರ

ಗರ್ಭ ತಿಳಿದ ಕೂಡಲೇ ಮೊದಲ ಮಗುವಿನ ಜೀನ್ ವರದಿಯೊಂದಿಗೆ ತಜ್ಞ ವೈದ್ಯರನ್ನು ಕಾಣಬೇಕು. ಯಾವ ದೋಷವನ್ನು ಹುಡುಕಬೇಕೆಂದು ಅದರಿಂದ ತಿಳಿಯುತ್ತದೆ. 11ರಿಂದ 14ನೇ ವಾರದೊಳಗೆ ಮಾಸುವಿನ ಚೂರನ್ನು, ಇಲ್ಲವೇ 15ನೇ ವಾರದ ನಂತರ ಗರ್ಭದ ನೀರನ್ನು ತೆಗೆದು ಪರೀಕ್ಷಿಸಬಹುದು. ಎರಡರಲ್ಲೂ ಗರ್ಭ ಇಳಿಯುವ ಅಪಾಯ ಸ್ವಲ್ಪ ಇದೆ. ಪರೀಕ್ಷೆ ಕಡ್ಡಾಯವಲ್ಲ.

ಮಗುವಿನ ರಕ್ಷಣೆ, ಆರೈಕೆಗಾಗಿ ಮಾಡುವ ಪರೀಕ್ಷೆಯನ್ನು ಧರ್ಮಸಭೆ 1987ರ 'ದೋನುಂ ವೀತೆ' ಎಂಬ ದಾಖಲೆಯಲ್ಲಿ ಒಪ್ಪಿದೆ. ಗರ್ಭಪಾತಕ್ಕೆಂದೇ ಮಾಡುವುದನ್ನು ಒಪ್ಪಿಲ್ಲ.

ಪರೀಕ್ಷೆ ಮಾಡಿಸದಿದ್ದರೂ ಸಿದ್ಧತೆ ಬೇಕು. ಈ ಕಾಯಿಲೆಯ ಕೆಲವು ಶಿಶುಗಳಿಗೆ ಹುಟ್ಟಿದೊಡನೆ ಕರುಳು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಯಲ್ಲಿ ಹೆರಿಗೆಯಾಗುವುದು ಒಳ್ಳೆಯದು. ನಂತರ ಬೆವರಿನ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದು. ಬೇಗ ತಿಳಿದರೆ ಎದೆಹಾಲಿನ ಜೊತೆಗೇ ಕಿಣ್ವದ ಔಷಧಿ, ವಿಟಮಿನ್, ಎದೆಯ ವ್ಯಾಯಾಮ ಆರಂಭಿಸಬಹುದು. ನಮ್ಮ ಕರಾವಳಿಯ ಸೆಕೆಯಲ್ಲಿ ವೈದ್ಯರು ಹೇಳಿದಷ್ಟು ಉಪ್ಪನ್ನು ಮಗುವಿಗೆ ಕೊಡಲು ಮರೆಯಬಾರದು. 2019ರಲ್ಲಿ ಅಮೆರಿಕದಲ್ಲಿ ಮಂಜೂರಾದ ಮೂರು ಔಷಧಿಗಳ ಜೋಡಣೆ ಬಹಳ ರೋಗಿಗಳಿಗೆ ಹೊಸ ಬದುಕು ಕೊಟ್ಟಿದೆ. ಆದರೆ ಅದು ಎಲ್ಲ ಜೀನ್ ದೋಷಗಳಿಗೂ ಹಿಡಿಯುವುದಿಲ್ಲ, ಬೆಲೆಯೂ ಬಹಳ.

ನಾವೇನು ಮಾಡಬಹುದು?

"ಗೊತ್ತಿದ್ದೂ ಇನ್ನೊಂದು ಬೇಕಿತ್ತಾ?" ಎಂಬ ಮಾತು ನಮ್ಮ ಬಾಯಿಂದ ಬರಬಾರದು. ಕಾಯಿಲೆಯನ್ನು ದೇವರ ಶಿಕ್ಷೆ ಎನ್ನಬಾರದು. ಪರೀಕ್ಷೆಯ ಫಲಿತಾಂಶವನ್ನು ಅವರಾಗಿ ಹೇಳದೆ ಕೇಳಬಾರದು. ಮಗುವನ್ನು ಉಳಿಸಿಕೊಳ್ಳಿ ಎಂದು ಹೇಳುವ ನಾವು, ಆಮೇಲಿನ ಭಾರಕ್ಕೂ ಹೆಗಲು ಕೊಡಬೇಕು. ತಾಯಿ ಆಸ್ಪತ್ರೆಗೆ ಹೋದ ದಿನ ದೊಡ್ಡ ಮಗುವಿನ ಔಷಧಿ, ಊಟ ನೋಡಿಕೊಳ್ಳಲು ಒಬ್ಬರು ಬೇಕು. ತಿಂಗಳ ಔಷಧಿ ಖರ್ಚಿಗೆ ನೆರವು ಬೇಕು. ಗುರಿಕಾರರು, ಧರ್ಮಭಗಿನಿಯರು, ಸ್ತ್ರೀ ಸಂಘಟನೆಯವರು ಸೇರಿ ಸದ್ದಿಲ್ಲದೆ ಇದನ್ನು ಏರ್ಪಡಿಸಿದರೆ ಆ ಮನೆಯವರಿಗೆ ಧೈರ್ಯ ಬರುತ್ತದೆ.