ನಿರ್ಜನ ಜಾಗವೆಲ್ಲ ನಿಶ್ಶಬ್ದವಲ್ಲ

ಬೆಂಗಳೂರಿನವರಿಗೆ ಕಿದ್ವಾಯಿ ಎಂದರೆ ಕ್ಯಾನ್ಸರ್ ಆಸ್ಪತ್ರೆ. ದೆಹಲಿ ಕನ್ನಡಿಗರಿಗೆ ಅದು ಐಎನ್‌ಎ ಮಾರುಕಟ್ಟೆಗೆ ಅಂಟಿಕೊಂಡಿರುವ ಸರ್ಕಾರಿ ನೌಕರರ ಬಡಾವಣೆ. ಎರಡಕ್ಕೂ ಹೆಸರು ಕೊಟ್ಟವರು ಒಬ್ಬರೇ, ನೆಹರೂ ಸಂಪುಟದಲ್ಲಿದ್ದ ರಫಿ ಅಹಮದ್ ಕಿದ್ವಾಯಿ. ಪೂರ್ವ ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸ್ ಕೆಡವಿ ಎನ್‌ಬಿಸಿಸಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಿದ ಮೇಲೆ ಅಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿಸುವ ಅಂಗಳ ಸಿಗುವುದಿಲ್ಲ, ಗೇರ್ ಸೈಕಲ್ ನಿಲ್ಲಿಸುವ ಪಾರ್ಕಿಂಗ್ ಸಿಗುತ್ತದೆ. ಬಿಸಿಲು ಇಳಿದದ್ದೇ ತಡ, ಎಳೆಯರ ಬಾಯಲ್ಲೂ ನಿವೃತ್ತಿಯ ಅಂಚಿನವರ ಬಾಯಲ್ಲೂ ಒಂದೇ ಮಾತು: ಸೈಕಲ್ಲಿಗೆ ಟೆಂಟ್ ಕಟ್ಟಿಕೊಂಡು ಎರಡು ದಿನ ಎಲ್ಲಾದರೂ ಹೋಗಿಬರೋಣ, ರೆಸಾರ್ಟ್ ಬೇಡ, ಗದ್ದಲವಿಲ್ಲದ ಜಾಗ ಸಾಕು.

ದಾರಿ ಹುಡುಕುವ ಕಷ್ಟವಿಲ್ಲ. ಅರಬಿಂದೋ ಮಾರ್ಗ ಹಿಡಿದು ದಕ್ಷಿಣಕ್ಕೆ ತುಳಿದರೆ ಏಮ್ಸ್, ಯೂಸುಫ್ ಸರಾಯ್, ಕುತುಬ್ ಮಿನಾರ್ ದಾಟಿ ಗುರುಗ್ರಾಮ, ಅಲ್ಲಿಂದ ಸೋಹ್ನಾ. ಒಟ್ಟು ಸುಮಾರು 50 ಕಿ.ಮೀ. ಅಲ್ಲಿಗೆ ಅರಾವಳಿಯ ಗುಡ್ಡಗಳು ಕಣ್ಣೆದುರಿಗೆ ಬರುತ್ತವೆ. ಕಷ್ಟವೆಲ್ಲ ಟೆಂಟ್ ಎಲ್ಲಿ ಹಾಕಬೇಕೆಂಬಲ್ಲಿ. ಅದರ ಸುತ್ತ ಬೆಳೆದಿರುವ ನಂಬಿಕೆಗಳಂತೂ ಟೆಂಟ್‌ಗಿಂತ ಭಾರ.

“ಖಾಲಿ ಜಾಗ ತಾನೆ, ಯಾರು ಕೇಳ್ತಾರೆ?”

ಈ ನಂಬಿಕೆಯ ಬೇರು ಯೂಟ್ಯೂಬಿನ ವಿಡಿಯೊಗಳಲ್ಲಿದೆ. ಸ್ವೀಡನ್‌ನಲ್ಲಿ ಹೊಲ-ಮನೆಗಳಿಗೆ ತೊಂದರೆಯಾಗದಂತೆ ಯಾರು ಬೇಕಾದರೂ ಒಂದು ರಾತ್ರಿ ಬಯಲಲ್ಲಿ ತಂಗಬಹುದು. ಸ್ಕಾಟ್ಲೆಂಡ್‌ನಲ್ಲಿ 2003ರ ಕಾಯ್ದೆ ಅಂಥದೇ ಹಕ್ಕು ಕೊಟ್ಟಿದೆ. ಇಂಗ್ಲೆಂಡ್‌ನ ಡಾರ್ಟ್‌ಮೂರ್ ಬಯಲಿನಲ್ಲಿ ಟೆಂಟ್ ಹಾಕುವ ಹಕ್ಕಿನ ಜಗಳ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2025ರಲ್ಲಿ ಟೆಂಟ್‌ನವರ ಪರ ತೀರ್ಪಾಯಿತು. ಆ ವಿಡಿಯೊಗಳನ್ನು ನೋಡಿ ನಮ್ಮಲ್ಲೂ ಹಾಗೆಯೇ ಎಂದುಕೊಂಡವರು ಬಹಳ. ನಮ್ಮ ದೇಶದಲ್ಲಿ ಅಂಥ ಹಕ್ಕು ಕೊಡುವ ಕಾನೂನಿಲ್ಲ.

ಖಾಲಿ ಕಂಡ ನೆಲಕ್ಕೆಲ್ಲ ಒಡೆಯರಿದ್ದಾರೆ. ನಮ್ಮ ಗೋಮಾಳದ ಹಾಗೆ ಹರಿಯಾಣದ ಹಳ್ಳಿಗಳಲ್ಲಿ ಊರೊಟ್ಟಿನ ‘ಶಾಮಲಾತ್’ ಭೂಮಿಯಿದೆ. ರಾಜಸ್ಥಾನದ ಗಡಿ ದಾಟಿದರೆ ದೇವರ ಹೆಸರಿನಲ್ಲಿ ಬಿಟ್ಟ ‘ಓರಣ್’ಗಳಿವೆ. ಹರಿಯಾಣದ ಅರಾವಳಿಯಲ್ಲಿ ಎಷ್ಟೋ ಗುಡ್ಡಗಳ ಮೇಲೆ 1900ರ ಪಂಜಾಬ್ ಭೂಸಂರಕ್ಷಣಾ ಕಾಯ್ದೆಯ ನಿರ್ಬಂಧವಿದೆ. ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಪ್ಪಣೆಯಿಲ್ಲದ ಪ್ರವೇಶವನ್ನೇ ತಡೆಯುತ್ತದೆ, 30ನೇ ಸೆಕ್ಷನ್ ಬೆಂಕಿ ಹಾಕುವುದನ್ನು. ಊರಿಗೆ ಬಂದಾಗ ಪಶ್ಚಿಮ ಘಟ್ಟದ ಮೀಸಲು ಅರಣ್ಯದಲ್ಲಿ ಮಲಗಿಬರುತ್ತೇನೆ ಎನ್ನುವವರಿಗೂ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೇ ಪಾಠ ಹೇಳುತ್ತದೆ. ಹಿಮಾಲಯದ ಕಡೆ ಹೊರಟವರು ಇನ್ನೊಂದನ್ನು ತಿಳಿದಿರಲಿ: ಉತ್ತರಾಖಂಡದ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು.

ಗುರುಗ್ರಾಮ–ಫರೀದಾಬಾದ್ ರಸ್ತೆಯ ಬಳಿಯ ಮಾಂಗರ್ ಬನಿಯನ್ನು ಇಲ್ಲಿ ಹೇಳಲೇಬೇಕು. ಧೌ ಮರಗಳು ಒತ್ತಾಗಿ ಬೆಳೆದ ಕಣಿವೆ ಅದು. ಮೇಲಿಂದ ನೋಡಿದವರಿಗೆ ‘ಇದೇ ಜಾಗ’ ಅನ್ನಿಸದೆ ಇರದು. ಆದರೆ ಸುತ್ತಲಿನ ಗುಜ್ಜರ್ ಹಳ್ಳಿಗಳಿಗೆ ಅದು ಗುಡಾರಿಯಾ ದಾಸ್ ಬಾಬಾನ ಕಾಡು, ಅಲ್ಲಿ ಒಂದು ಕೊಂಬೆಯನ್ನೂ ಮುರಿಯುವಂತಿಲ್ಲ. ಕೊಡಗಿನ ದೇವರಕಾಡನ್ನು ಬಲ್ಲವರಿಗೆ ಬೇರೆ ವಿವರಣೆ ಬೇಡ. ಪಕ್ಕದ ಅಸೋಲಾ ಭಾಟಿ ಅಭಯಾರಣ್ಯದ ಕ್ಯಾಮೆರಾಗಳಲ್ಲಿ ಚಿರತೆಗಳು ಸೆರೆಯಾಗಿವೆ ಎಂಬುದನ್ನೂ, ‘ದೆಹಲಿಯಲ್ಲಿ ಕಾಡುಪ್ರಾಣಿ ಎಲ್ಲಿಂದ ಬರಬೇಕು’ ಎನ್ನುವವರ ಕಿವಿಗೆ ಹಾಕಬೇಕು.

“ಯಾರಿಗೂ ಕಾಣದ ಹಾಗೆ ಹಾಕಿದರೆ ಸುರಕ್ಷಿತ”

ತದ್ವಿರುದ್ಧ. ಚಳಿಗಾಲದಲ್ಲಿ ಈ ಕಡೆಯ ಹೊಲಗಳಲ್ಲಿ ಸಾಸಿವೆ, ಗೋಧಿ. ಅವುಗಳ ಮೇಲೆ ನೀಲ್‌ಗಾಯ್‌ಗಳ ಕಣ್ಣು, ಆ ನೀಲ್‌ಗಾಯ್‌ಗಳ ಮೇಲೆ ರೈತನ ಕಣ್ಣು. ರಾತ್ರಿ ಟಾರ್ಚು, ದೊಣ್ಣೆ ಹಿಡಿದು ಕಾವಲು ತಿರುಗುವವನಿಗೆ ಬದುವಿನ ಮರೆಯಲ್ಲಿ ಅಪರಿಚಿತ ಟೆಂಟ್ ಕಂಡರೆ ಅವನು ಮೊದಲು ಎಣಿಸುವುದು ಕಳ್ಳನೆಂದೇ. ಅದೇ ಮನುಷ್ಯನನ್ನು ಹೊತ್ತು ಮುಳುಗುವ ಮೊದಲೇ ಕಂಡು, “ತಾಊ, ರಾಮ್ ರಾಮ್” ಎಂದು ಕೈಮುಗಿದು, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂದು ಹೇಳಿದರೆ ಆತನೇ ಜಾಗ ತೋರಿಸುತ್ತಾನೆ, ಮಜ್ಜಿಗೆಯನ್ನೂ ಕೊಡುತ್ತಾನೆ. ನೂಹ್ ಜಿಲ್ಲೆಯ ಮೇವ್ ಹಳ್ಳಿಗಳಲ್ಲಾದರೆ ಸಲಾಂ ಹೇಳಿ ಮಾತು ತೆಗೆಯಬೇಕು, ಅಷ್ಟೇ ವ್ಯತ್ಯಾಸ. ಊರಿನ ಒಬ್ಬರಿಗೆ ನಿಮ್ಮ ಗುರುತಿದ್ದರೆ ಊರೆಲ್ಲ ನಿಮ್ಮನ್ನು ಬಿಟ್ಟುಬಿಡುತ್ತದೆ. ನನ್ನ ಮಟ್ಟಿಗೆ ಟೆಂಟ್ ಜಾಗದ ಹುಡುಕಾಟವೆಂದರೆ ಮುಕ್ಕಾಲು ಪಾಲು ಇದೇ. ಗೂಗಲ್ ನಕ್ಷೆಯ ಹಸಿರು ಬಣ್ಣ ನೋಡುತ್ತ ಕೂರುವುದಕ್ಕಿಂತ ಸಂಜೆ ನಾಲ್ಕಕ್ಕೆ ಹಳ್ಳಿಯ ಚಹಾ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸುವುದು ಲೇಸು.

“ಹೆದ್ದಾರಿಯಿಂದ ದೂರ ಹೋದಷ್ಟೂ ಮೌನ”

ದೂರಕ್ಕೆ ಬೆಲೆಯಿದೆ, ಆದರೆ ನಾವು ಎಣಿಸಿದಷ್ಟಿಲ್ಲ. ಒಂದೇ ಕಡೆ ಕೂಗುವ ಮೈಕಿನ ಶಬ್ದ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎಡೆಬಿಡದೆ ಲಾರಿ ಓಡುವ ಹೆದ್ದಾರಿ ಉದ್ದಕ್ಕೂ ಹರಡಿಕೊಂಡ ಶಬ್ದ. ಅದು ಇಳಿಯುವುದು ಸುಮಾರು 3 ಡೆಸಿಬಲ್ ಮಾತ್ರ. ಬಯಲಿನಲ್ಲಿ ಅರ್ಧ ಕಿಲೋಮೀಟರ್ ಇದ್ದುದನ್ನು ಒಂದು ಕಿಲೋಮೀಟರ್ ಮಾಡಿಕೊಳ್ಳಲು ಕತ್ತಲಲ್ಲಿ ಮರಳು ದಾರಿಯಲ್ಲಿ ಸೈಕಲ್ ನೂಕಿದರೆ ಕಿವಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಅದರ ಬದಲು ನಡುವೆ ಒಂದು ದಿಬ್ಬ ಬರುವ ಹಾಗೆ ಮಲಗಿ. ಒಳ್ಳೆಯ ಅಡ್ಡ 10 ಡೆಸಿಬಲ್‌ನಷ್ಟು ತಗ್ಗಿಸಬಲ್ಲದು. ಕಿವಿಗೆ ಅದು ಶಬ್ದ ಅರ್ಧಕ್ಕರ್ಧ ಇಳಿದ ಹಾಗೆ.

ಚಳಿಗಾಲದ ರಾತ್ರಿ ಇನ್ನೊಂದು ತಂಟೆ ಮಾಡುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಬಳಿಯ ಗಾಳಿ ತಣ್ಣಗಾಗಿ, ಅದರ ಮೇಲಿನ ಪದರ ಬೆಚ್ಚಗಿರುತ್ತದೆ. ಮೇಲೆ ಚದುರಿಹೋಗಬೇಕಿದ್ದ ಶಬ್ದ ಆಗ ಬಾಗಿ ಮತ್ತೆ ನೆಲದತ್ತ ಬರುತ್ತದೆ. ಹಗಲು ಕೇಳದ ರೈಲು ನಡುರಾತ್ರಿ ಕಿವಿಯ ಬುಡದಲ್ಲೇ ಓಡಿದಂತಾಗುವುದು ಇದರಿಂದಲೇ. ಮಧ್ಯಾಹ್ನ ಬಂದು ಕಿವಿಗೊಟ್ಟು ‘ಪರವಾಗಿಲ್ಲ’ ಎಂದು ಒಪ್ಪಿದ ಜಾಗ ರಾತ್ರಿ ಕೈಕೊಡುವುದೂ ಇದರಿಂದಲೇ.

ಹೆದ್ದಾರಿಯನ್ನು ಮರೆತರೂ ಹಳ್ಳಿಗೆ ತನ್ನದೇ ಸದ್ದುಗಳಿವೆ. ನವೆಂಬರಿನಿಂದ ಫೆಬ್ರವರಿವರೆಗೆ ಮದುವೆ ಸುಗ್ಗಿ, ಡಿ.ಜೆ., ನಡುನಡುವೆ ದೇವಿಯ ಜಾಗರಣ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳಿವೆ. ನಿಯಮ ನೆಚ್ಚಿಕೊಂಡು ಮಲಗುವುದಕ್ಕಿಂತ, ಇವತ್ತು ಊರಲ್ಲಿ ಮದುವೆಯಿದೆಯೇ ಎಂದು ಚಹಾದವನನ್ನು ಕೇಳುವುದು ಖಾತ್ರಿ ದಾರಿ. ರಾತ್ರಿ ಪಾಳಿಯಲ್ಲಿ ಕರೆಂಟ್ ಬರುವ ಕಡೆ ಕೊಳವೆಬಾವಿಯ ಮೋಟಾರೂ ರಾತ್ರಿಯೇ ಓಡುತ್ತದೆ. ಅದು ಎಲ್ಲಿದೆ ಎಂದೂ ಕೇಳಿಕೊಳ್ಳಿ.

“ನೀರಿನ ದಡವೇ ಟೆಂಟ್‌ಗೆ ಒಳ್ಳೆಯದು”

ಫೋಟೊಗೆ ಒಳ್ಳೆಯದು. ತಣ್ಣನೆಯ ಗಾಳಿ ಭಾರ, ರಾತ್ರಿ ಅದು ತಗ್ಗಿಗೆ ಇಳಿದು ನಿಲ್ಲುತ್ತದೆ. ದಡದಲ್ಲಿ ಅದರ ಜೊತೆ ತೇವವೂ ಸೇರಿ, ಬೆಳಗಾಗುವಾಗ ಟೆಂಟಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಒಣಗಿದ ಹಳ್ಳದ ಮರಳಂತೂ ಮಳೆಗಾಲದಲ್ಲಿ ಮೃತ್ಯು. ಮಳೆ ಮೇಲೆಲ್ಲೋ ಗುಡ್ಡದಲ್ಲಿ ಸುರಿದಿರುತ್ತದೆ, ನೀರು ಇಲ್ಲಿಗೆ ನುಗ್ಗುತ್ತದೆ. ನೀರಿನಿಂದ ದೂರ, ಸ್ವಲ್ಪ ಎತ್ತರದಲ್ಲಿ, ಗಾಳಿಗೆ ಒಂದು ಮರೆ ಇರುವ ಕಡೆ ಹಾಕಿದರೆ ನಿದ್ದೆ ಬರುತ್ತದೆ.

ಇದರ ಬಾಲವಾಗಿ ಇನ್ನೊಂದು ನಂಬಿಕೆ ಬರುತ್ತದೆ: ಕುದಿಸಿದರೆ ಯಾವ ನೀರೂ ಕುಡಿಯಬಹುದು ಎಂದು. ಕುದಿಸಿದರೆ ಸಾಯುವುದು ರೋಗಾಣು. ಕರಗಿದ ಉಪ್ಪು, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವು ಹೆಚ್ಚುತ್ತವೆ. ನೂಹ್ ಸೀಮೆಯ ಅಂತರ್ಜಲ ಬಹಳ ಕಡೆ ಉಪ್ಪು, ರಾಜಸ್ಥಾನದ ಕಡೆ ಫ್ಲೋರೈಡ್ ಕಾಟ. ಪಾವಗಡದವರನ್ನು ಕೇಳಿದರೆ ಫ್ಲೋರೈಡ್ ಎಂದರೇನೆಂದು ಹಲ್ಲು ತೋರಿಸಿಯೇ ಹೇಳುತ್ತಾರೆ. ಒಂದೆರಡು ದಿನ ಕುಡಿದರೆ ಮೂಳೆ ಬಾಗದು ನಿಜ, ಆದರೆ ಉಪ್ಪುನೀರು ದಾಹ ತೀರಿಸುವುದಿಲ್ಲ. ಊರವರು ತಾವು ಯಾವ ನಲ್ಲಿಯ ನೀರು ಕುಡಿಯುತ್ತಾರೋ ಅಲ್ಲೇ ಬಾಟಲಿ ತುಂಬಿಸಿಕೊಳ್ಳಿ.

“ಪೇಪರಿನಲ್ಲಿ 6 ಡಿಗ್ರಿ ಅಂತ ಇತ್ತು, ತಡೀಬಹುದು”

ಪತ್ರಿಕೆಯಲ್ಲಿ ಬರುವ ದೆಹಲಿಯ ಉಷ್ಣಾಂಶ ಸಫ್ದರ್‌ಜಂಗ್ ವೀಕ್ಷಣಾಲಯದ್ದು, ಕಿದ್ವಾಯಿ ನಗರದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದ್ದು. ಅಲ್ಲಿ 2021ರ ಜನವರಿ 1ರಂದು 1.1 ಡಿಗ್ರಿ ದಾಖಲಾಗಿತ್ತು. 1935ರ ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ, ಮೈನಸ್ 0.6ಕ್ಕೆ ಇಳಿದಿತ್ತು. ಆದರೆ ಅದನ್ನು ಅಳೆಯುವುದು ನೆಲದಿಂದ ಮೇಲೆ, ಎದೆಮಟ್ಟದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ. ಅದೂ ಸಿಮೆಂಟು, ಡಾಂಬರು ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿ ಬಿಡುವ ನಗರದ ನಡುವೆ. ನೀವು ಮಲಗುವುದು ಬಯಲಿನಲ್ಲಿ, ನೆಲದ ಮೇಲೆ. ತಿಳಿಯಾದ ರಾತ್ರಿ ಅಲ್ಲಿ ಕೆಲವು ಡಿಗ್ರಿ ಕಡಿಮೆಯೇ ಇರುತ್ತದೆ. ಮೇಲೆ ಎಷ್ಟು ಹೊದ್ದರೂ ಚಳಿ ಏರುವುದು ಕೆಳಗಿನಿಂದ, ಆದ್ದರಿಂದ ಮೊದಲು ದಪ್ಪ ಚಾಪೆ, ಆಮೇಲೆ ರಜಾಯಿ.

ಚಳಿಗೆಂದು ಟೆಂಟಿನೊಳಗೆ ಅಂಗೀಠಿ, ಅಂದರೆ ಇದ್ದಿಲ ಒಲೆ, ಇಡುವುದು ಮಾತ್ರ ಕೂಡದು. ಇದ್ದಿಲಿನಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರು ಏಳಲೇ ಇಲ್ಲ ಎಂಬ ಸುದ್ದಿ ಉತ್ತರದಲ್ಲಿ ಪ್ರತಿ ಚಳಿಗಾಲ ಬರುತ್ತದೆ. ‘ಸ್ವಲ್ಪ ಜಿಪ್ ತೆರೆದಿಡ್ತೀನಿ’ ಎಂಬ ವಾದ ನಡೆಯುವುದಿಲ್ಲ.

“ದೆಹಲಿ ದಾಟಿದರೆ ಗಾಳಿ ಶುದ್ಧ”

ಇಲ್ಲ. ನವೆಂಬರಿನ ಹೊಗೆ ದೆಹಲಿಯ ಗಡಿಯಲ್ಲಿ ನಿಲ್ಲುವುದಿಲ್ಲ, ಗಂಗಾ ಬಯಲನ್ನೆಲ್ಲ ಮುಚ್ಚುತ್ತದೆ. ಗುರುಗ್ರಾಮ, ಭಿವಾಡಿಗಳ ಹೆಸರುಗಳೂ ಕೆಟ್ಟ ಗಾಳಿಯ ಪಟ್ಟಿಗಳಲ್ಲಿ ಬಂದಿವೆ. ಫೆಬ್ರವರಿ ಕೊನೆಯಿಂದ ಹೋಳಿಯವರೆಗಿನ ದಿನಗಳಿಗೆ ಕಾದರೆ ಗಾಳಿಯೂ ಹಗುರ, ಚಳಿಯೂ ಹಗುರ.

“ಹುಣಸೆ ಮರದ ಕೆಳಗೆ ಮಲಗಬಾರದು, ಬೆಳ್ಳುಳ್ಳಿ ಚೆಲ್ಲಿದರೆ ಹಾವು ಬಾರದು”

ಇವೆರಡು ನಾವು ಊರಿನಿಂದ ಕಟ್ಟಿಕೊಂಡು ಬಂದ ಬುತ್ತಿ. ಹುಣಸೆ ಮರದ ದೆವ್ವ ಈಗ ವಿಜ್ಞಾನದ ಅಂಗಿ ತೊಟ್ಟಿದೆ: ಮರ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಉಸಿರು ಕಟ್ಟುತ್ತದೆ ಎಂದು. ಬಿಡುವುದು ನಿಜ, ಆದರೆ ಬಯಲಿನಲ್ಲಿ ಅದು ಆಗಲೇ ಚದುರಿಹೋಗುತ್ತದೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೋ ಆ ಅನಿಲ ಬಿಡುತ್ತಾನೆ. ಹಾಗೆ ಹೆದರುವುದಾದರೆ ಪಕ್ಕದಲ್ಲಿ ಮಲಗಿದ ಗೆಳೆಯನಿಗೇ ಹೆದರಬೇಕು. ಮರದ ಕೆಳಗೆ ನೋಡಬೇಕಾದದ್ದು ಒಣಗಿ ನೇತಾಡುವ ಕೊಂಬೆ, ಜೇನುಗೂಡು, ಹಕ್ಕಿಗಳ ಹಿಕ್ಕೆ.

ಹಾವಿನ ಮಾತು ಗಂಭೀರ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆಂಬ ಅಂದಾಜಿದೆ. ಬೆಳ್ಳುಳ್ಳಿ, ಉಪ್ಪು, ಫಿನಾಯಿಲ್ ಯಾವುದೂ ಹಾವನ್ನು ತಡೆಯುವುದಿಲ್ಲ. ನೆಲದಲ್ಲಿ ಮಲಗಿದವರಿಗೆ ನಿಜವಾದ ಅಪಾಯ ಕಟ್ಟುಹಾವಿನದು. ಅದು ರಾತ್ರಿ ಸಂಚಾರಿ, ಕಚ್ಚಿದರೆ ನೋವೇ ಇಲ್ಲದಿರಬಹುದು, ನಿದ್ದೆಯಲ್ಲಿದ್ದವನಿಗೆ ತಿಳಿಯದೆಯೂ ಹೋಗಬಹುದು. ತಳ ಹೊಲಿದ ಟೆಂಟಿನ ಜಿಪ್ಪನ್ನು ಪೂರ್ತಿ ಎಳೆಯುವುದು, ಬೂಟು ಒಳಗಿಡುವುದು, ಕತ್ತಲಲ್ಲಿ ಟಾರ್ಚಿಲ್ಲದೆ ಕಾಲಿಡದಿರುವುದು, ಇಷ್ಟೇ ಮದ್ದು. ಕಚ್ಚಿದರೆ ಗಿಡಮೂಲಿಕೆಯವನ ಮನೆಯಲ್ಲ, ಆಸ್ಪತ್ರೆ.

“ರೆಸಾರ್ಟ್ ಇಲ್ಲವೇ ಕಾಡು, ಮೂರನೆಯದಿಲ್ಲ”

ಇದೆ, ಬೇಕಾದಷ್ಟಿದೆ. ಹರಿಯಾಣ ಪ್ರವಾಸೋದ್ಯಮದವರು ತಮ್ಮ ವಸತಿಗೃಹಗಳಿಗೆ ಹಕ್ಕಿಗಳ ಹೆಸರಿಡುತ್ತಾರೆ: ಸೋಹ್ನಾದ ಬಿಸಿನೀರಿನ ಬುಗ್ಗೆಯ ಊರಲ್ಲಿ ಬಾರ್ಬೆಟ್, ದಮ್‌ದಮಾ ಕೆರೆಯ ಬಳಿ ಸಾರಸ್, ಸುಲ್ತಾನ್‌ಪುರ ಪಕ್ಷಿಧಾಮದಲ್ಲಿ ರೋಸಿ ಪೆಲಿಕನ್. ಹೊರಡುವ ಮುಂಚೆ ಫೋನ್ ಮಾಡಿ ಅವರ ಹುಲ್ಲುಹಾಸಿನಲ್ಲಿ ಟೆಂಟ್ ಹಾಕಬಹುದೇ ಎಂದು ಕೇಳಿದರೆ ಕಳೆದುಕೊಳ್ಳುವುದೇನಿಲ್ಲ. ಧರ್ಮಶಾಲೆಗಳೂ ಇವೆ, ಗುರುತಿನ ಚೀಟಿ ಜೊತೆಗಿರಲಿ. ಗುರುದ್ವಾರಗಳಲ್ಲಿ ತಲೆಗೆ ಬಟ್ಟೆ, ಬೀಡಿ-ಹೆಂಡಕ್ಕೆ ಪೂರ್ಣ ನಿಷೇಧ, ಲಂಗರಿನ ಊಟ. ಅಂಗಳದಲ್ಲೊಂದು ಮೂಲೆ ಕೇಳಿ ನೋಡಬಹುದು. ಧರ್ಮಸ್ಥಳ, ಸಿದ್ಧಗಂಗೆಗಳ ಊಟ-ವಸತಿ ಕಂಡ ನಮಗೆ ಇದೇನು ಹೊಸದಲ್ಲ, ದೆಹಲಿಗೆ ಬಂದ ಮೇಲೆ ಮರೆತಿರುತ್ತೇವೆ.

ಅಲ್ವರ್ ಕಡೆ ಹೊರಟವರು ಸೋಹ್ನಾ–ನೂಹ್–ಫಿರೋಜ್‌ಪುರ ಝಿರ್ಕಾದ ಹಳೆಯ ರಸ್ತೆಯನ್ನೇ ಹಿಡಿಯಬೇಕು, ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇಗೆ ಸೈಕಲ್ ಬಿಡುವುದಿಲ್ಲ. ಹಳೆಯ ರಸ್ತೆಯಲ್ಲಿ ಢಾಬಾಗಳಿವೆ, ಢಾಬಾಗಳಲ್ಲಿ ಚಾರ್‌ಪಾಯಿಗಳಿವೆ. ಊಟ ಅಲ್ಲೇ ಮಾಡಿದರೆ ಮಲಗಲು ಬೇರೆ ಬಾಡಿಗೆ ಕೇಳುವವರು ಕಡಿಮೆ. ಲಾರಿಗಳು ಎಂಜಿನ್ ಆರಿಸದೆ ನಿಲ್ಲುವುದು ಮುಂಬದಿಯಲ್ಲಿ. ಹಿಂದಿನ ಹೊಲದ ಕಡೆ, ತಂದೂರಿನ ಹೊಗೆ ಬಾರದ ಬದಿಗೆ ಒಂದು ಚಾರ್‌ಪಾಯಿ ಎಳೆದುಕೊಳ್ಳಲೇ ಎಂದು ಮಾಲೀಕನನ್ನು ಊಟಕ್ಕೆ ಮುಂಚೆಯೇ ಕೇಳಿಬಿಡಿ, ಎಂಟು ಗಂಟೆಯ ಮೇಲೆ ಅವನಿಗೆ ಪುರುಸೊತ್ತಿರುವುದಿಲ್ಲ.