ಅಪ್‌ಗ್ರೇಡ್ ಆಯ್ತು, ಪ್ಯಾಕೇಜ್ ಮಾತ್ರ ಬರ್ತಿಲ್ಲ: ಲಿನಕ್ಸ್‌ನಲ್ಲಿ ಎಲ್ಲಿ ಹುಡುಕಬೇಕು?

ಚಿಕ್ಕಬಳ್ಳಾಪುರದಿಂದ ಮಾತಾಡ್ತಿದ್ದೀನಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11 ಹಿಡಿಸದ ಹಳೇ ಲ್ಯಾಪ್‌ಟಾಪ್ ಇರೋರಿಗೆ ಉಬುಂಟು ಥರದ ಲಿನಕ್ಸ್ ಒಳ್ಳೇ ದಾರಿ. ದುಡ್ಡು ಕೊಡಬೇಕಿಲ್ಲ, ಸೆಕ್ಯುರಿಟಿ ಅಪ್‌ಡೇಟ್ ಬರ್ತಾ ಇರುತ್ತೆ. ಆದರೆ ಒಂದು ಅಪ್‌ಗ್ರೇಡ್ ಆದಮೇಲೆ ಆ ಅಪ್‌ಡೇಟ್‌ಗಳೇ ನಿಂತುಹೋದರೆ? ಪರದೆ ತುಂಬ ಎರರ್. ಮೆಷಿನ್ ಮಾಮೂಲಿಯಾಗೇ ಓಡ್ತಿರುತ್ತೆ, ಅದಕ್ಕೇ ಎಷ್ಟೋ ಜನ ಹಾಗೇ ಬಿಟ್ಟುಬಿಡ್ತಾರೆ. ಅದೇ ಅಪಾಯ. ಬ್ಯಾಂಕಿಂಗು, ಜಿಎಸ್‌ಟಿ, ಓದು ಎಲ್ಲಾ ನಡೆಯೋ ಮೆಷಿನ್‌ಗೆ ಬೀಗ ಹಳೇದಾಗ್ತಾ ಹೋಗುತ್ತೆ.

ಇವತ್ತಿನ ಮಾತು ಒಂದೇ: ಎರರ್ ಬಂದ ತಕ್ಷಣ ಸಿಕ್ಕ ಕಮಾಂಡ್ ಹಾಕಬೇಡಿ, ಮೊದಲು ಆ ಸಾಲನ್ನ ಓದಿ. ಕಾಯಿಲೆ ಯಾವುದು ಅಂತ ಅದರಲ್ಲೇ ಬರೆದಿರುತ್ತೆ.

ಇದು ಕೆಲಸ ಮಾಡೋದು ಹೇಗೆ?

ಉಬುಂಟುವಿನಲ್ಲಿ ಸಾಫ್ಟ್‌ವೇರ್ ಬರೋದು ಒಂದು ಭಂಡಾರದಿಂದ. ಅದರ ವಿಳಾಸ ನಿಮ್ಮ ಮೆಷಿನ್‌ನ ಒಂದು ಫೈಲ್‌ನಲ್ಲಿ ಇರುತ್ತೆ. ಮೊದಲೆಲ್ಲ ಅದು 'ಸೋರ್ಸಸ್ ಡಾಟ್ ಲಿಸ್ಟ್', 24.04ರಿಂದ 'ಉಬುಂಟು ಡಾಟ್ ಸೋರ್ಸಸ್'. ವಿಳಾಸದ ಜೊತೆಗೆ ಆವೃತ್ತಿಯ ಅಡ್ಡಹೆಸರೂ ಇರುತ್ತೆ: 22.04ಕ್ಕೆ 'ಜ್ಯಾಮಿ', 24.04ಕ್ಕೆ 'ನೋಬಲ್'. ಅಂಕಿ ಅಂದ್ರೆ ಬಿಡುಗಡೆಯಾದ ವರ್ಷ ಮತ್ತು ತಿಂಗಳು, ಅಷ್ಟೇ.

ನಮ್ಮೂರ ಉದಾಹರಣೆ ಕೊಡ್ತೀನಿ. 2007ಕ್ಕೆ ಮುಂಚೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲಾ ಕೋಲಾರ ಜಿಲ್ಲೆಯಲ್ಲೇ ಇದ್ವು. ಆಮೇಲೆ ನಮ್ಮದೇ ಜಿಲ್ಲೆ ಆಯ್ತು. ಊರು ಎಲ್ಲಿತ್ತೋ ಅಲ್ಲೇ ಇದೆ, ವಿಳಾಸದಲ್ಲಿ ಜಿಲ್ಲೆಯ ಹೆಸರು ಬದಲಾಯ್ತು. ಅಪ್‌ಗ್ರೇಡ್‌ನಲ್ಲೂ ಹೀಗೇ. ಮೆಷಿನ್ ಹೊಸ ಆವೃತ್ತಿಗೆ ಬಂದಿರುತ್ತೆ, ಪಟ್ಟಿಯಲ್ಲಿ ಎಲ್ಲೋ ಒಂದು ಹಳೇ ಹೆಸರು ಉಳಿದಿರುತ್ತೆ. ವ್ಯತ್ಯಾಸ ಇಷ್ಟೇ: ನಮ್ಮ ಪೋಸ್ಟ್‌ಮ್ಯಾನ್ ಹಳೇ ವಿಳಾಸ ಇದ್ರೂ ಕಾಗದ ತಲುಪಿಸ್ತಾರೆ, ಕಂಪ್ಯೂಟರ್ ತಲುಪಿಸಲ್ಲ.

ಎರರ್ ಸಾಲು ಏನು ಹೇಳುತ್ತೆ?

ಟರ್ಮಿನಲ್ ತೆಗೆದು 'ಸುಡೊ ಆಪ್ಟ್ ಅಪ್‌ಡೇಟ್' ಕೊಡಿ. ಇದು ಏನನ್ನೂ ಇನ್‌ಸ್ಟಾಲ್ ಮಾಡಲ್ಲ, ಭಂಡಾರದ ಹೊಸ ಪಟ್ಟಿ ತರುತ್ತೆ. ಒಂದೇ ಪ್ಯಾಕೇಜ್ ಹಾಕುವಾಗ '404' ಬಂದಿದ್ರೆ, ಎಷ್ಟೋ ಸಲ ಪಟ್ಟಿ ಹಳೇದಾಗಿದ್ದೇ ಕಾರಣ. ಇಷ್ಟಕ್ಕೇ ಸರಿಹೋಗುತ್ತೆ. ಆಗದಿದ್ರೆ ಮುಂದೆ ನೋಡೋಣ.

'ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್' ಅಂತ ಬಂದ್ರೆ ತೊಂದರೆ ಇಂಟರ್‌ನೆಟ್‌ನದ್ದು. ಸ್ಕಂದಗಿರಿ ಬುಡದಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡ್ತಿದ್ದೀರಾ? ಬ್ರೌಸರ್‌ನಲ್ಲಿ ಯಾವುದಾದ್ರೂ ಪುಟ ತೆರೆಯುತ್ತಾ ನೋಡಿ. ಸಿಗ್ನಲ್ ಬಂದಮೇಲೆ ಅದೇ ಕಮಾಂಡ್ ಮತ್ತೆ ಕೊಡಿ. ಅರ್ಧ ಇಳಿದ ಪ್ಯಾಕೇಜ್ ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಯುತ್ತೆ, ಡೇಟಾ ದಂಡ ಆಗಲ್ಲ.

'ನಾಟ್ ವ್ಯಾಲಿಡ್ ಯೆಟ್' ಅಂದ್ರೆ ಗಡಿಯಾರ ನೋಡಿ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ರೆ ತಾರೀಖು ಹಿಂದಕ್ಕೆ ಹೋಗಿಬಿಡುತ್ತೆ. ತಾರೀಖು, ಟೈಮ್ ಸರಿ ಮಾಡಿದ್ರೆ ಮುಗೀತು.

'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಅಂದ್ರೆ ಬಂದ ಫೈಲು ಪಟ್ಟಿಗೆ ತಾಳೆ ಆಗ್ತಿಲ್ಲ. ಮಿರರ್, ಅಂದ್ರೆ ಭಂಡಾರದ ನಕಲು ಇಟ್ಟಿರೋ ಸರ್ವರ್, ಆಗತಾನೇ ಹೊಸದಾಗ್ತಿರಬಹುದು. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಆಗಲೂ ಆಗದಿದ್ರೆ 'ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್' ತೆಗೆದು, 'ಡೌನ್‌ಲೋಡ್ ಫ್ರಮ್' ಅನ್ನೋ ಕಡೆ 'ಮೇನ್ ಸರ್ವರ್' ಆರಿಸಿ.

ಈಗ ದೊಡ್ಡದು: '404', ಜೊತೆಗೆ 'ಡಸ್ ನಾಟ್ ಹ್ಯಾವ್ ಎ ರಿಲೀಸ್ ಫೈಲ್'. ಇಲ್ಲಿ ಎರರ್ ಸಾಲಿನಲ್ಲಿರೋ ವಿಳಾಸ ಯಾರದ್ದು ಅಂತ ನೋಡಿ.

ಬೇರೆಯವರ ಭಂಡಾರದ್ದಾ? ಅವರು ನಿಮ್ಮ ಹೊಸ ಆವೃತ್ತಿಗೆ ಇನ್ನೂ ಪ್ಯಾಕೇಜ್ ಸಿದ್ಧ ಮಾಡಿಲ್ಲದೇ ಇರಬಹುದು. ಅಪ್‌ಗ್ರೇಡ್ ಆಗುವಾಗ ಉಬುಂಟು ಇಂಥವನ್ನ ತಾನೇ ಆಫ್ ಮಾಡುತ್ತೆ. ಆಮೇಲೆ ನಾವು ಮತ್ತೆ ಆನ್ ಮಾಡಿದಾಗ ಈ ತಕರಾರು ಶುರು. 'ಅದರ್ ಸಾಫ್ಟ್‌ವೇರ್' ಟ್ಯಾಬ್‌ನಲ್ಲಿ ಅದೊಂದರ ಟಿಕ್ ತೆಗೀರಿ, ಉಳಿದದ್ದಕ್ಕೆ ಅಪ್‌ಡೇಟ್ ಬರುತ್ತೆ.

ಉಬುಂಟುವಿನದ್ದೇ ವಿಳಾಸವಾ? ಹಾಗಿದ್ರೆ ಸೆಟ್ಟಿಂಗ್ಸ್‌ನ 'ಅಬೌಟ್'ನಲ್ಲಿ ನಿಮ್ಮ ಆವೃತ್ತಿ ಯಾವುದು ನೋಡಿ. ಅಲ್ಲಿ 24.04 ಇದ್ದು ಪಟ್ಟಿಯಲ್ಲಿ ಬೇರೆ ಆವೃತ್ತಿಯ ಹೆಸರಿದ್ರೆ, ಪಟ್ಟಿಯಲ್ಲಿ 'ನೋಬಲ್' ಮಾಡಬೇಕು. ಆದರೆ ಮೆಷಿನ್ನೇ ಅವಧಿ ಮುಗಿದ ಆವೃತ್ತಿಯಲ್ಲಿದ್ರೆ ಕಥೆ ಬೇರೆ. ಎರಡು ವರ್ಷಕ್ಕೊಮ್ಮೆ ಬರೋ ಎಲ್‌ಟಿಎಸ್ ಆವೃತ್ತಿಗೆ ಐದು ವರ್ಷ ಬೆಂಬಲ, ನಡುವೆ ಬರೋವಕ್ಕೆ ಒಂಬತ್ತೇ ತಿಂಗಳು. 2023ರ ಅಕ್ಟೋಬರ್‌ನಲ್ಲಿ ಬಂದ 23.10ರ ಆಯಸ್ಸು 2024ರ ಜುಲೈಗೇ ಮುಗೀತು. ಅಂಥವನ್ನ ಆಮೇಲೆ 'ಓಲ್ಡ್ ರಿಲೀಸಸ್' ಅನ್ನೋ ಹಳೇ ದಾಸ್ತಾನಿಗೆ ಸಾಗಿಸ್ತಾರೆ. ಪಟ್ಟಿಯಲ್ಲಿ ಆ ವಿಳಾಸ ಹಾಕಿದ್ರೆ ಡೌನ್‌ಲೋಡ್ ಆಗುತ್ತೆ, ಆದರೆ ಅಲ್ಲಿ ಹೊಸ ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ. ಅದು ಮುಂದಿನ ಆವೃತ್ತಿಗೆ ದಾಟೋ ಸೇತುವೆ, ವಾಸಕ್ಕಲ್ಲ. ದಾಟೋಕೆ ಮುಂಚೆ ಫೋಟೋ, ದಾಖಲೆ ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಒಂದನ್ನ ಮಾತ್ರ ಮಾಡಬೇಡಿ

'ನೋ ಪಬ್‌ಕೀ' ಅನ್ನೋ ಎರರ್ ಬರುತ್ತೆ. ನಾನು ಬಿಕಾಂ ಓದಿದವನು, ಅದಕ್ಕೇ ಚೆಕ್ಕಿನ ಲೆಕ್ಕದಲ್ಲೇ ಹೇಳ್ತೀನಿ. ಚೆಕ್ ಮೇಲಿನ ಸಹಿಯನ್ನ ಬ್ಯಾಂಕು ತನ್ನ ಹತ್ತಿರ ಇರೋ ಮಾದರಿ ಸಹಿ ಜೊತೆ ಹೋಲಿಸುತ್ತೆ ಅಲ್ವಾ? ಭಂಡಾರದ ಪಟ್ಟಿಗೂ ಡಿಜಿಟಲ್ ಸಹಿ ಇರುತ್ತೆ. ಅದನ್ನ ಪರೀಕ್ಷೆ ಮಾಡೋ ಕೀ ನಿಮ್ಮ ಮೆಷಿನ್‌ನಲ್ಲಿ ಇಲ್ಲ, ಅಷ್ಟೇ ಈ ಎರರ್‌ನ ಅರ್ಥ. ಆ ಸಾಫ್ಟ್‌ವೇರ್ ಮಾಡೋರ ಅಧಿಕೃತ ಪುಟದಿಂದ ಹೊಸ ಕೀ ತಗೊಳ್ಳಿ.

ಇದಕ್ಕೆ 'ಟ್ರಸ್ಟೆಡ್ ಈಕ್ವಲ್ಸ್ ಯೆಸ್' ಅನ್ನೋ ಸುಲಭದ ಮದ್ದು ಕೆಲವರು ಹೇಳಿಕೊಡ್ತಾರೆ. ಎರರ್ ಹೋಗುತ್ತೆ ನಿಜ. ಆದರೆ ಅದು ಸಹಿ ನೋಡದೇ ದುಡ್ಡು ಕೊಡು ಅಂತ ಕ್ಯಾಷಿಯರ್‌ಗೆ ಹೇಳಿದ ಹಾಗೆ. ಯಾರೋ ನಡುವೆ ಕೂತು ಕೆಟ್ಟ ಪ್ಯಾಕೇಜ್ ತೂರಿಸಿದ್ರೂ ಮೆಷಿನ್ ಕೇಳದೇ ಒಪ್ಪಿಕೊಳ್ಳುತ್ತೆ.

ಸರಿಹೋಯ್ತಾ? ಪರೀಕ್ಷೆ ಮಾಡಿ

ಅಪ್‌ಗ್ರೇಡ್ ಮಧ್ಯದಲ್ಲೇ ಕರೆಂಟ್ ಹೋಗಿ ನಿಂತಿದ್ರೆ 'ಸುಡೊ ಡಿಪಿಕೆಜಿ' ಬರೆದು, ಜಾಗ ಬಿಟ್ಟು ಎರಡು ಅಡ್ಡಗೆರೆ 'ಕಾನ್ಫಿಗರ್', ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ 'ಎ' ಕೊಡಿ. ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನ ಅದು ಪೂರ್ತಿ ಮಾಡುತ್ತೆ. ಆಮೇಲೆ ಇನ್ನೊಮ್ಮೆ ಅಪ್‌ಡೇಟ್ ಕೊಡಿ.

ಕೊನೇ ಪರೀಕ್ಷೆಗೆ ನಮ್ಮ ಕನ್ನಡದ್ದೇ ಒಂದು ಪ್ಯಾಕೇಜ್ ಇದೆ. ಉಬುಂಟುವಿನ ಭಂಡಾರದಲ್ಲಿ 'ಗುಬ್ಬಿ', 'ನವಿಲು' ಅನ್ನೋ ಎರಡು ಮುಕ್ತ ಕನ್ನಡ ಫಾಂಟ್‌ಗಳಿವೆ. 'ಆಪ್ಟ್ ಡೌನ್‌ಲೋಡ್' ಬರೆದು, ಮುಂದೆ 'ಫಾಂಟ್ಸ್', ಒಂದು ಅಡ್ಡಗೆರೆ, 'ನವಿಲು' ಕೊಡಿ. ಎಲ್ಲಾ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ. ಇದು ಇನ್‌ಸ್ಟಾಲ್ ಮಾಡದೇ ಫೈಲ್ ಮಾತ್ರ ಇಳಿಸುತ್ತೆ. ನವಿಲು ಬಂತು ಅಂದ್ರೆ ಭಂಡಾರದ ದಾರಿ ತೆರೆದಿದೆ ಅಂತ ಅರ್ಥ. ತಡ ಮಾಡದೇ 'ಸುಡೊ ಆಪ್ಟ್ ಅಪ್‌ಗ್ರೇಡ್' ಕೊಟ್ಟು, ಇಷ್ಟು ದಿನ ಬಾಕಿ ಉಳಿದ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನೆಲ್ಲ ಹಾಕಿಕೊಳ್ಳಿ.

ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಒದ್ದಾಡ್ತಿರೋ ಗೆಳೆಯರು ಇದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.