ತಲಕಾಡು ಚೋಳರ ಕೈಗೆ ಹೋದದ್ದು

ಪ್ರಶ್ನೆ: ಐದಾರು ಶತಮಾನ ಆಳಿದ ತಲಕಾಡಿನ ಗಂಗರ ರಾಜ್ಯ ಚೋಳರ ವಶವಾದದ್ದು ಹೇಗೆ? (ಓದುಗರೊಬ್ಬರು, ನಂಜನಗೂಡು)

ಸೋಲು ಶುರುವಾದದ್ದು ತಲಕಾಡಿನಲ್ಲಲ್ಲ, ದೂರದ ಮಾನ್ಯಖೇಟದಲ್ಲಿ, ರಾಷ್ಟ್ರಕೂಟರ ರಾಜಧಾನಿಯಲ್ಲಿ. ಗಂಗರು ರಾಷ್ಟ್ರಕೂಟರ ಸಾಮಂತರು, ಬೀಗರು ಕೂಡ. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಉರುಳಿಸಿದ. ಸೋದರಳಿಯ ಇಂದ್ರನಿಗೆ ಆ ಪಟ್ಟ ಉಳಿಸಿಕೊಡಲು ಗಂಗರ ಮಾರಸಿಂಹ ಹೆಣಗಿದ, ಆಗಲಿಲ್ಲ. ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಚಪ್ಪರದ ಕಂಬ ಮುರಿದರೆ ಬಳ್ಳಿ ಎಷ್ಟು ದಿನ ನಿಂತೀತು? ಚಾವುಂಡರಾಯನಂಥ ಮಂತ್ರಿಯಿದ್ದೂ ರಾಜ್ಯ ಚೇತರಿಸಿಕೊಳ್ಳಲಿಲ್ಲ.

ಸುಮಾರು 1004ರಲ್ಲಿ, ರಾಜರಾಜ ಚೋಳನ ಕಾಲದಲ್ಲಿ, ತಲಕಾಡು ಬಿತ್ತು. ಗೆದ್ದವರು ಕಪ್ಪ ಇಸಿದುಕೊಂಡು ಹಿಂದಿರುಗಲಿಲ್ಲ, ನಾಡನ್ನೇ ತಮ್ಮದಾಗಿಸಿಕೊಂಡರು. ತಲಕಾಡು ರಾಜರಾಜಪುರವಾಯಿತು, ಗಂಗವಾಡಿ ಮುಡಿಕೊಂಡಚೋಳ ಮಂಡಲವಾಯಿತು. ದಾನಪತ್ರಗಳಲ್ಲಿ ಚೋಳ ದೊರೆಯ ಆಳ್ವಿಕೆಯ ವರ್ಷ ಬಂತು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಸಿಗುವ ಚೋಳರ ಕಾಲದ ತಮಿಳು ಶಾಸನಗಳು ಈ ಬದಲಾವಣೆಯ ಗುರುತು. ಅಂದಿನ ರೈತನಿಗೆ ಇದರಿಂದ ಎಷ್ಟು ವ್ಯತ್ಯಾಸವಾಯಿತೋ ಯಾವ ಕಲ್ಲೂ ಹೇಳುವುದಿಲ್ಲ. ಕಲ್ಲು ಕೆತ್ತಿಸಿದವರು ರೈತರಲ್ಲವಲ್ಲ!

ನೂರು ವರ್ಷ ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡಿಗೆ ಬಂದ. ನಾಡು ಬಿಟ್ಟುಕೊಡೆಂದರೆ, ಅಲ್ಲಿದ್ದ ಚೋಳ ಸಾಮಂತ ಅದಿಯಮ ‘ಕಾದಿ ತೆಗೆದುಕೊಳ್ಳಿ’ ಎಂದನಂತೆ. ಕಾದಿಯೇ ತೆಗೆದುಕೊಂಡರು. ವಿಷ್ಣುವರ್ಧನ ‘ತಲಕಾಡುಗೊಂಡ’ ಎಂಬ ಬಿರುದು ಧರಿಸಿ, 1117ರಲ್ಲಿ ಅಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಗಂಗರ ವಂಶಕ್ಕೆ ಮಾತ್ರ ರಾಜ್ಯ ಮರಳಲಿಲ್ಲ.